ಸೋಮವಾರದ ಮಾತ್ರೆ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬುದು ನಮ್ಮ ಕಡೆಯ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ನಿಯಮ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ನಮಗೆ ಬಂಧುಬಳಗವುಂಟು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಮೆಯಾದ ಮೇಲೂ ಅಲ್ಲಿಯ ಹಿರಿಯರು ಸೋಮವಾರ ಆರು ಹೂಡಲು ಸುಲಭವಾಗಿ ಒಪ್ಪುವುದಿಲ್ಲ. ದುಡಿಯುವ ಬಸವನಿಗೆ ವಾರದಲ್ಲಿ ಒಂದು ದಿನ ಬಿಡುವು ಬೇಕು, ಬಿಡುವಿಲ್ಲದೆ ದುಡಿಸಿದರೆ ಎಂಥ ಎತ್ತೂ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತು.

ಬಿಡುವಿನ ಬೆಲೆಯನ್ನು ಇಷ್ಟು ಚೆನ್ನಾಗಿ ಬಲ್ಲ ನಮ್ಮ ಮನೆತನದಲ್ಲಿಯೇ, ಬಿಡುವು ಕೊಟ್ಟು ಸೇವಿಸಬೇಕಾದ ಒಂದು ಔಷಧವನ್ನು ಬಿಡುವಿಲ್ಲದೆ ಸೇವಿಸಿ, ಹಿರಿಯ ಜೀವವೊಂದು ಸಾವಿನ ಬಾಗಿಲವರೆಗೆ ಹೋಗಿಬಂದಿತು. ತಪ್ಪು ವೈದ್ಯರದಲ್ಲ, ಅಂಗಡಿಯವರದಲ್ಲ, ನಮ್ಮದು. ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯಾದರೂ ಮತ್ತೊಂದು ಮನೆಯಲ್ಲಿ ಇದು ನಡೆಯದಿರಲಿ ಎಂಬ ಆಶಯದಿಂದ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಾವು ಮೂರು ದಶಕಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದವರು. ನಮ್ಮ ಅಣ್ಣನವರು ಊರು ಬಿಡಲಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸೇರಿದ ನಮ್ಮ ಹಳ್ಳಿಯಲ್ಲಿ ತಂದೆಯವರು ಬಿಟ್ಟುಹೋದ ಖುಷ್ಕಿ ಜಮೀನನ್ನು ನಂಬಿಕೊಂಡು ಬದುಕಿದರು. ಆ ಕೆಂಪು ಮಣ್ಣಿನ ಸೀಮೆಗೆ ಒದಗಿಬಂದ ಹಣದ ಬೆಳೆಯೆಂದರೆ ಹೊಗೆಸೊಪ್ಪು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕಕ್ಕೆ ಹರಾಜಿನ ಪದ್ಧತಿ ಬಂದಿತು. ಅಣ್ಣನವರು ಬ್ಯಾರನ್ ಕಟ್ಟಿಸಿ ಪರವಾನಗಿ ಪಡೆದು, ವರ್ಷ ವರ್ಷವೂ ಬೇಲುಗಳನ್ನು ಕಂಪಲಾಪುರದ ಹರಾಜು ಮಾರುಕಟ್ಟೆಗೆ ಸಾಗಿಸಿದರು. ಆ ಹಣದಿಂದಲೇ ಹೆಂಚಿನ ಮನೆ ತಾರಸಿಯಾಯಿತು, ಮಗಳ ಮದುವೆ ಕೃಷ್ಣರಾಜನಗರದ ಕಡೆಯ ನಾಲೆ ನೀರಿನ ಊರಿಗೆ ಆಯಿತು, ನಮ್ಮ ಕಾಲೇಜಿನ ಕೊನೆಯ ವರ್ಷದ ಶುಲ್ಕವೂ ಕಟ್ಟಲ್ಪಟ್ಟಿತು. ಆದುದರಿಂದ ಆ ಬೆಳೆಯನ್ನು ಹಳಿಯುವ ಅಧಿಕಾರ ನಮಗಿಲ್ಲ.

ಬೆಳೆದ ಸೊಪ್ಪು ಬೇರೆ, ಅಣ್ಣನವರು ಅಗಿದ ಸೊಪ್ಪು ಬೇರೆ. ಬ್ಯಾರನ್ನಿನಲ್ಲಿ ಹದ ಮಾಡಿದ ವರ್ಜೀನಿಯಾ ಸೊಪ್ಪು ಸಿಗರೇಟಿಗೆ ಹೋಗುತ್ತದೆ. ಅವರಿಗೆ ಹದಿನೆಂಟನೆಯ ವಯಸ್ಸಿನಿಂದ ಎಲೆಯಡಿಕೆಯೊಂದಿಗೆ ಕಡ್ಡಿಪುಡಿ ಹಾಕುವ ಅಭ್ಯಾಸ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ ಹಗಲಿರುಳೂ ಬೆಂಕಿ ಕಾಯಬೇಕು. ನಿದ್ದೆ ತಡೆಯುವುದಕ್ಕೆ ಕಡ್ಡಿಪುಡಿಯೇ ಜೊತೆಗಾರ. 2019ರ ಹದ ಮಾಡುವ ಕಾಲದಲ್ಲಿ ಅವರ ಎಡಗೆನ್ನೆಯ ಒಳಭಾಗದಲ್ಲಿ ಬಿಳಿಯ ಮಚ್ಚೆಯೊಂದು ಕಾಣಿಸಿಕೊಂಡು ಮುಂದೆ ಹುಣ್ಣಾಯಿತು. ಮೂರು ಬೆರಳು ಹಿಡಿಸುತ್ತಿದ್ದ ಬಾಯಿಯಲ್ಲಿ ಒಂದು ಬೆರಳೂ ಕಷ್ಟದಿಂದ ಹಿಡಿಸುವಂತಾಯಿತು. "ಸೊಪ್ಪು ಮಾರಿ ಬರುತ್ತೇನೆ, ಆಮೇಲೆ ತೋರಿಸೋಣ" ಎಂದರು. ಎರಡು ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನು ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕೆಂಬ ತಿಳಿವಳಿಕೆ ನಮಗೂ ಆಗ ಇರಲಿಲ್ಲ. ಹರಾಜು ಮುಗಿಯುವ ವೇಳೆಗೆ ಮೂರು ತಿಂಗಳು ಕಳೆದಿದ್ದವು.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಆರು ವಾರ ವಿಕಿರಣ ಚಿಕಿತ್ಸೆ, ಅದರೊಡನೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ನರದ ಮೂಲಕ ಕೊಟ್ಟರು. ವಾಂತಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ನಿಶ್ಶಕ್ತಿ ಎಲ್ಲವನ್ನೂ ಸಹಿಸಿಕೊಂಡರು. ಕಡ್ಡಿಪುಡಿ ಅಂದೇ ಬಿಟ್ಟರು. ಎರಡು ವರ್ಷ ಚೆನ್ನಾಗಿದ್ದು, ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ಸುತ್ತಿದರು. 2022ರ ಜೂನಿನಲ್ಲಿ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು.

ಈ ಸಲ ವೈದ್ಯರು ನಮ್ಮನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತನಾಡಿದರು. ಗಂಟು ರಕ್ತನಾಳವನ್ನು ಸುತ್ತಿಕೊಂಡಿದೆ, ಮತ್ತೆ ಕೊಯ್ಯುವಂತಿಲ್ಲ, ಪೂರ್ಣ ವಾಸಿಯಾಗುವ ಮಾತನ್ನು ಆಡಲಾರೆವು, ಆದರೆ ರೋಗವನ್ನು ಕೆಲಕಾಲ ತಡೆಹಿಡಿಯಬಹುದು ಎಂದರು. ಹೊಸ ಬಗೆಯ ಔಷಧಗಳಿಗೆ ಲಕ್ಷಗಟ್ಟಲೆ ಹಣ ಬೇಕು. ಇನ್ನೊಂದು ದಾರಿಯುಂಟು, ಮಾತ್ರೆಗಳ ದಾರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇಂಥ ಸ್ಥಿತಿಯ 422 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಚುಚ್ಚುಮದ್ದನ್ನೂ ಇನ್ನೊಂದಕ್ಕೆ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಎಂಬ ಎರಡು ಅಗ್ಗದ ಮಾತ್ರೆಗಳನ್ನೂ ಕೊಟ್ಟು ನೋಡಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಚುಚ್ಚುಮದ್ದಿನವರು ಬದುಕಿದ ಕಾಲದ ನಡುಮಟ್ಟ 6.1 ತಿಂಗಳು, ಮಾತ್ರೆಯವರದು 7.5 ತಿಂಗಳು. ತೀವ್ರವಾದ ಅಡ್ಡಪರಿಣಾಮಗಳೂ ಮಾತ್ರೆಯವರಲ್ಲಿಯೇ ಕಡಮೆ. ಅಂಕಿ ಚಿಕ್ಕದೆಂದು ಓದುಗರಿಗೆ ತೋರಬಹುದು. ಆದರೆ ಮನೆಯಲ್ಲಿಯೇ ಇದ್ದು, ಸೂಜಿಯ ನೋವಿಲ್ಲದೆ, ಸಾಲದ ಹೊರೆಯಿಲ್ಲದೆ ದೊರೆಯುವ ಕೆಲವು ತಿಂಗಳುಗಳ ಬೆಲೆ ರೋಗಿಯ ಮನೆಯವರಿಗೆ ಮಾತ್ರ ಗೊತ್ತು.

ಈ ಎರಡು ಮಾತ್ರೆಗಳ ಲೆಕ್ಕ ಬೇರೆ ಬೇರೆ. ಸೆಲೆಕಾಕ್ಸಿಬ್ ಪ್ರತಿದಿನ ಎರಡು ಹೊತ್ತು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅಣ್ಣನವರ ಮೈಯಳತೆ ನೋಡಿ ವೈದ್ಯರು ವಾರಕ್ಕೆ 20 ಮಿಲಿಗ್ರಾಂ ಗೊತ್ತುಮಾಡಿದರು, ಅಂದರೆ 10 ಮಿಲಿಗ್ರಾಮಿನ ಎರಡು ಮಾತ್ರೆ. "ಸೋಮವಾರದಿಂದ ಶುರುಮಾಡಿ. ವಾರಕ್ಕೊಮ್ಮೆ, ನೆನಪಿರಲಿ" ಎಂದು ಎರಡು ಸಲ ಹೇಳಿದರು. ಔಷಧದಂಗಡಿಯವರೂ ಕವರಿನ ಮೇಲೆ ಇಂಗ್ಲಿಷಿನಲ್ಲಿ ಅದನ್ನೇ ಬರೆದುಕೊಟ್ಟರು.

ನಮ್ಮ ತಪ್ಪು ಇಲ್ಲಿಂದ ಆರಂಭವಾಗುತ್ತದೆ. ಊರಿನ ಮನೆಯಲ್ಲಿ ಇಂಗ್ಲಿಷ್ ಓದುವುದು ಕಷ್ಟವೆಂದು ಆ ಕವರನ್ನು ತೆಗೆದುಹಾಕಿ, ಬಿಳಿಯ ಹಾಳೆಯಲ್ಲಿ ದುಂಡಾದ ಕನ್ನಡ ಅಕ್ಷರಗಳಿಂದ ಚೀಟಿ ಬರೆದೆವು. ಒಂದನೆಯ ಸಾಲು: "ಸೋಮವಾರದಿಂದ ಬೆಳಿಗ್ಗೆ 2 ಮಾತ್ರೆ, ಆಹಾರದ ನಂತರ." ಎರಡನೆಯ ಸಾಲು: "ದಿನಕ್ಕೆ ಎರಡು ಸಲ 1 ಮಾತ್ರೆ." ಬರೆಯುವಾಗ ವೈದ್ಯರ ಮಾತು ನಮ್ಮ ಕಿವಿಯಲ್ಲಿಯೇ ಇತ್ತು. ಆದುದರಿಂದ "ವಾರಕ್ಕೊಮ್ಮೆ" ಎಂಬ ಮಾತು ಹಾಳೆಯ ಮೇಲೆ ಇಲ್ಲವೆಂಬುದು ನಮ್ಮ ಕಣ್ಣಿಗೆ ಬೀಳಲಿಲ್ಲ. "ಸೋಮವಾರ" ಎಂದರೆ ಒಂದು ದಿನ, "ಸೋಮವಾರದಿಂದ" ಎಂದರೆ ಅಂದಿನಿಂದ ಮೊದಲುಗೊಂಡು ಎಲ್ಲ ದಿನ. ಸಾವಿರಾರು ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಹೇಳಿಕೊಟ್ಟ ಕೈಯೇ ಒಂದು ಪ್ರತ್ಯಯವನ್ನು ತಪ್ಪಾದ ಜಾಗದಲ್ಲಿ ಇಟ್ಟಿತು.

ಅಣ್ಣನವರು ನೇಮದ ಮನುಷ್ಯ. ಬೆಳಿಗ್ಗೆ ಸ್ನಾನ, ವಿಭೂತಿ ಧಾರಣೆ, ಇಷ್ಟಲಿಂಗ ಪೂಜೆ, ಆ ಬಳಿಕವೇ ಆಹಾರ. ಆಸ್ಪತ್ರೆಯ ಮಂಚದ ಮೇಲೂ ಅದನ್ನು ತಪ್ಪಿಸಿದವರಲ್ಲ. ಅವರ ಬದುಕಿನಲ್ಲಿ ಒಳ್ಳೆಯದೆಲ್ಲವೂ ನಿತ್ಯ ಮಾಡತಕ್ಕದ್ದು. ಔಷಧವನ್ನೂ ಅವರು ನಿತ್ಯನೇಮಕ್ಕೆ ಸೇರಿಸಿಕೊಂಡರು. ನುಂಗಲು ಕಷ್ಟವಾಗುತ್ತಿದ್ದುದರಿಂದ ಸೊಸೆಯು ಮಾತ್ರೆಯನ್ನು ಚಮಚದಿಂದ ಪುಡಿಮಾಡಿ ರಾಗಿ ಗಂಜಿಯಲ್ಲಿ ಕಲಸಿ ಕೊಡುತ್ತಿದ್ದಳು. ಸೋಮವಾರ ಎರಡು, ಮಂಗಳವಾರ ಎರಡು, ಬುಧವಾರ ಎರಡು. ಶುಕ್ರವಾರಕ್ಕೆ ಹತ್ತು ಮಾತ್ರೆಯ ಶೀಟು ಮುಗಿಯಿತು. ಐದು ವಾರಕ್ಕೆ ಬರಬೇಕಾದದ್ದು ಐದು ದಿನಕ್ಕೆ ಮುಗಿಯಿತು.

ಶನಿವಾರ ಬಾಯಿಯ ತುಂಬ ಹುಣ್ಣು ಎದ್ದಿತು. ಭಾನುವಾರ ಜ್ವರ, ಭೇದಿ. ಮನೆಯವರೆಲ್ಲ ರೋಗವೇ ಉಲ್ಬಣಿಸಿತೆಂದು ತಿಳಿದರು. ಬಾಯಿಯ ಕ್ಯಾನ್ಸರಿನವರಿಗೆ ಬಾಯಿಯಲ್ಲಿ ಹುಣ್ಣಾದರೆ ಬೇರೆ ಕಾರಣ ಯಾರು ಹುಡುಕುತ್ತಾರೆ? ನಮಗೆ ದೂರವಾಣಿ ಮಾಡಿದಾಗ ನಾವೂ ಹಾಗೆಯೇ ತಿಳಿದು, ಬೆಳಗಾಗಲಿ, ಬರುತ್ತೇವೆ ಎಂದೆವು.

ಅಂದು ಸಂಜೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿರುವ ನಮ್ಮ ತಂಗಿ ಮಾತನಾಡಿದಳು. ಆಕೆ ಓದಿದ್ದು ನಾಲ್ಕನೆಯ ತರಗತಿ. ಎಂಟು ವರ್ಷದಿಂದ ಕೈಬೆರಳ ಗಂಟುಗಳು ಊದಿಕೊಳ್ಳುವ ಸಂಧಿವಾತಕ್ಕೆ ಔಷಧ ಸೇವಿಸುತ್ತಿರುವವಳು.

"ಚಿಕ್ಕಣ್ಣಯ್ಯ, ದೊಡ್ಡಣ್ಣಯ್ಯನಿಗೆ ಕೊಟ್ಟಿರುವ ಮಾತ್ರೆಯ ಹೆಸರು ಓದಿ ಹೇಳಿ" ಎಂದಳು. ಓದಿದೆವು.

"ಅದು ನನ್ನ ಮಾತ್ರೆಯೇ ಅಲ್ಲವೇ? ನಾನು ಸಂತೆಯ ದಿನ ಮಾತ್ರ ನುಂಗುವುದು. ದಿನಾ ನುಂಗಿದರೆ ಪ್ರಾಣಕ್ಕೆ ಅಪಾಯ ಎಂದು ನಮ್ಮ ಡಾಕ್ಟರು ಮೊದಲನೆಯ ದಿನವೇ ಹೇಳಿದ್ದಾರೆ. ಅತ್ತಿಗೆ ದಿನಾ ಕೊಡುತ್ತಿದ್ದೇವೆ ಎಂದರು. ಕ್ಯಾನ್ಸರಿಗೆ ಹಾಗೆಯೇ ಕೊಡುತ್ತಾರೆಯೇ?"

ನಮ್ಮ ಕೈಕಾಲು ತಣ್ಣಗಾದವು. ಆ ಚೀಟಿಯ ಒಂದನೆಯ ಸಾಲು ಕಣ್ಣಮುಂದೆ ಬಂದು ನಿಂತಿತು. ಅಣ್ಣನ ಮಗನಿಗೆ ದೂರವಾಣಿ ಮಾಡಿ ಶೀಟಿನಲ್ಲಿ ಎಷ್ಟು ಮಾತ್ರೆ ಉಳಿದಿವೆ ನೋಡು ಎಂದೆವು. "ಖಾಲಿ ಚಿಕ್ಕಪ್ಪ, ನಾಳೆ ತರಿಸಬೇಕು ಅಂತಿದ್ದೆವು" ಎಂದನು. ಅಂದು ರಾತ್ರಿಯೇ ಕಾರು ಮಾಡಿಕೊಂಡು ಅವರನ್ನು ಮೈಸೂರಿಗೆ ಕರೆತರಲಾಯಿತು. ಕೃಷ್ಣರಾಜನಗರದ ಕಡೆಯಿಂದ ಮಗಳೂ ಅಳಿಯನೂ ಬಂದು ಆಸ್ಪತ್ರೆಯ ಬಾಗಿಲಲ್ಲಿ ಸೇರಿದರು. ಖಾಲಿ ಶೀಟನ್ನೂ ನಮ್ಮ ಕೈಬರಹದ ಚೀಟಿಯನ್ನೂ ವೈದ್ಯರ ಮುಂದಿಟ್ಟೆವು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಬಿಳಿಯ ರಕ್ತಕಣಗಳು ಕುಸಿದಿದ್ದವು, ಮೂತ್ರಪಿಂಡವೂ ಬಳಲಿತ್ತು. ಲ್ಯೂಕೋವೊರಿನ್ ಎಂಬ ಪ್ರತಿಮದ್ದನ್ನು ಆರು ಗಂಟೆಗೊಮ್ಮೆ ಚುಚ್ಚಿದರು. ಔಷಧವು ಮೂತ್ರದಲ್ಲಿ ಹೊರಹೋಗುವಂತೆ ಸೋಡಿಯಂ ಬೈಕಾರ್ಬನೇಟ್ ಬೆರೆಸಿದ ದ್ರವವನ್ನು ನರದ ಮೂಲಕ ಹರಿಸಿದರು. ಸೋಂಕು ತಗಲದಂತೆ ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. ಮರುದಿನ ವೈದ್ಯೆಯೊಬ್ಬರು ಸೊಸೆಯನ್ನು ಪಕ್ಕಕ್ಕೆ ಕರೆದು, ಮಾತ್ರೆ ಪುಡಿ ಮಾಡುತ್ತಿದ್ದವಳು ನೀನೇ ಅಲ್ಲವೇ, ಗರ್ಭಿಣಿಯೇ ಎಂದು ಕೇಳಿದರು. ಅಲ್ಲವೆಂದಾಗ ಅವರು ನಿಟ್ಟುಸಿರು ಬಿಟ್ಟರು. ಗರ್ಭದ ಶಿಶುವಿಗೆ ಈ ಔಷಧ ವಿಷ, ಅದರ ಪುಡಿಯನ್ನು ಮುಟ್ಟುವುದೂ ಉಸಿರಾಡುವುದೂ ಬಸುರಿಯರಿಗೆ ತಕ್ಕದ್ದಲ್ಲ ಎಂದು ವಿವರಿಸಿದರು. ಒಂದು ಚೀಟಿಯ ತಪ್ಪು ಎಷ್ಟು ಜನರನ್ನು ಮುಟ್ಟಬಹುದಾಗಿತ್ತೆಂದು ಆಗ ಅರಿವಾಯಿತು.

ಹನ್ನೊಂದು ದಿನ ಆಸ್ಪತ್ರೆಯಲ್ಲಿ ಕಳೆದೆವು. ಮಾತ್ರೆ ಕೊಲ್ಲುವುದಾದರೆ ವೈದ್ಯರೇಕೆ ಕೊಡುತ್ತಾರೆ, ಕೊಲ್ಲದಿದ್ದರೆ ಅಣ್ಣನಿಗೇಕೆ ಹೀಗಾಯಿತು ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬಿಡುವಾದಾಗ ವೈದ್ಯರನ್ನು ಕೇಳಿ, ಬಳಿಕ ಪುಸ್ತಕಗಳನ್ನು ಓದಿ ತಿಳಿದುದನ್ನು ಸರಳವಾಗಿ ಹೇಳುತ್ತೇವೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಎರಡಾಗಿ ಒಡೆದು ಬೆಳೆಯಬೇಕಾದರೆ ಫೋಲಿಕ್ ಆಮ್ಲ ಎಂಬ ಜೀವಸತ್ತ್ವ ಬೇಕು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಇರುವ ಹೆಸರಿನಿಂದ ಇದಕ್ಕೆ ಈ ಹೆಸರು ಬಂದಿತು, ಏಕೆಂದರೆ ಹಸಿರು ಸೊಪ್ಪಿನಲ್ಲಿ ಇದು ಹೇರಳ. ಇದರ ಸುಳಿವು ಮೊದಲು ದೊರೆತದ್ದು ನಮ್ಮ ದೇಶದಲ್ಲಿಯೇ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಈಸ್ಟಿನ ಸಾರದಿಂದ ಅದು ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ. ಮುಂದೆ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖಂಡರು 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ವಸ್ತುಗಳನ್ನೂ ಅವರ ತಂಡ ತಯಾರಿಸಿತು. ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ನಿಜವಾದ ಕೀಲಿಗೂ ಜಾಗ ಬಿಡುವುದಿಲ್ಲ, ಅಂಥ ಸುಳ್ಳು ಕೀಲಿಗಳಿವು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಇವುಗಳಲ್ಲೊಂದಾದ ಅಮಿನಾಪ್ಟೆರಿನ್ ಅನ್ನು ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದು 1948ರಲ್ಲಿ ವರದಿಯಾಯಿತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆ ಔಷಧದ ತಮ್ಮನೇ ಮೆಥೊಟ್ರೆಕ್ಸೇಟ್. 1956ರಲ್ಲಿ ಗರ್ಭಕೋಶದಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆಯನ್ನು ಇದೊಂದೇ ಔಷಧ ಪೂರ್ಣವಾಗಿ ಗುಣಪಡಿಸಿದಾಗ ವೈದ್ಯಲೋಕ ಬೆರಗಾಯಿತು. ಕೀಲುಗಳ ಸಂಧಿವಾತಕ್ಕೂ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೂ ಕಡಮೆ ಪ್ರಮಾಣದಲ್ಲಿ ಇದನ್ನೇ ಕೊಡುತ್ತಾರೆ. ಹೀಗಾಗಿ ಕ್ಯಾನ್ಸರಿನ ಹೆಸರನ್ನೇ ಕೇಳದ ಎಷ್ಟೋ ಮನೆಗಳ ಔಷಧದ ಡಬ್ಬಿಯಲ್ಲಿ ಇಂದು ಈ ಮಾತ್ರೆ ಇದೆ.

ಸುಳ್ಳು ಕೀಲಿಗೆ ಒಳ್ಳೆಯ ಬೀಗ, ಕೆಟ್ಟ ಬೀಗ ಎಂಬ ಭೇದವಿಲ್ಲ. ಬೇಗ ಬೇಗ ಬೆಳೆಯುವ ಕೋಶಗಳೆಲ್ಲ ಅದಕ್ಕೆ ಸಿಕ್ಕಿಬೀಳುತ್ತವೆ. ಕ್ಯಾನ್ಸರಿನ ಕೋಶ ಬೇಗ ಬೆಳೆಯುತ್ತದೆ. ಅದರಂತೆಯೇ ಬಾಯಿಯ ಒಳಪೊರೆ, ಕರುಳಿನ ಪೊರೆ, ರಕ್ತ ಹುಟ್ಟುವ ಅಸ್ಥಿಮಜ್ಜೆಯೂ ಬೇಗ ಬೆಳೆಯುತ್ತವೆ. ವಾರಕ್ಕೊಮ್ಮೆ ಸೇವಿಸಿದಾಗ ಉಳಿದ ಆರು ದಿನಗಳಲ್ಲಿ ಈ ಒಳ್ಳೆಯ ಕೋಶಗಳು ಸುಧಾರಿಸಿಕೊಳ್ಳುತ್ತವೆ. ಪ್ರತಿದಿನ ಸೇವಿಸಿದರೆ ಆ ಬಿಡುವು ಸಿಗುವುದಿಲ್ಲ. ಮೂಳೆಯ ಕ್ಯಾನ್ಸರಿನಂಥ ಕೆಲವು ರೋಗಗಳಲ್ಲಿ ಆಸ್ಪತ್ರೆಯೊಳಗೆ ಸಾವಿರಾರು ಮಿಲಿಗ್ರಾಂ ಔಷಧವನ್ನು ಒಂದೇ ಸಲ ಕೊಟ್ಟು, ರಕ್ತದಲ್ಲಿ ಅದರ ಮಟ್ಟವನ್ನು ಅಳೆಯುತ್ತ, ಗೊತ್ತಾದ ಗಂಟೆಗೆ ಪ್ರತಿಮದ್ದು ಕೊಟ್ಟು ರೋಗಿಯನ್ನು ಕಾಪಾಡುತ್ತಾರೆ. ಆದರೆ ಮನೆಯಲ್ಲಿ ದಿನವೂ ನುಂಗಿದ 20 ಮಿಲಿಗ್ರಾಂ ಪ್ರಾಣ ತೆಗೆಯಬಲ್ಲದು. ಎಷ್ಟು ಎಂಬುದಕ್ಕಿಂತ ಎಷ್ಟು ಕಾಲ ಎಂಬುದು ಇಲ್ಲಿ ಮುಖ್ಯ.

ಈ ಪ್ರಮಾದ ನಮ್ಮ ಹಳ್ಳಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯು ಎಂದೂ ನಡೆಯಕೂಡದ ತಪ್ಪುಗಳ ಒಂದು ಪಟ್ಟಿಯನ್ನು ಮಾಡಿ, ಕ್ಯಾನ್ಸರಲ್ಲದ ರೋಗಗಳಿಗೆ ಮೆಥೊಟ್ರೆಕ್ಸೇಟ್ ಅತಿಯಾಗಿ ಸೇವನೆಯಾಗುವುದನ್ನು ಅದರಲ್ಲಿ ಸೇರಿಸಿತು. ದಿನವೂ ನುಂಗಿ ಸತ್ತವರ ಪ್ರಕರಣಗಳು ಮತ್ತೆ ಮತ್ತೆ ವರದಿಯಾದುದರಿಂದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಪೊಟ್ಟಣದ ಮೇಲೆ ಸ್ಪಷ್ಟ ಎಚ್ಚರಿಕೆ ಇರಬೇಕೆಂದು ಸೂಚಿಸಿತು. ಅಮೆರಿಕದಲ್ಲಿ ಔಷಧ ಸುರಕ್ಷತೆಯ ತಜ್ಞರು ಸೋಮವಾರವನ್ನು ಆರಿಸಬೇಡಿರೆಂದೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅವಸರದಿಂದ ಬರೆದ "ಮಂಡೇ" ಎಂಬುದನ್ನು "ಮಾರ್ನಿಂಗ್" ಎಂದು ಓದಿಕೊಂಡು, ಪ್ರತಿದಿನ ಬೆಳಿಗ್ಗೆ ಎಂದು ತಿಳಿದವರುಂಟಂತೆ. ಅವರಿಗೆ ಅವರ ಭಾಷೆಯ ಅಕ್ಷರ ಮೋಸ ಮಾಡಿತು, ನಮಗೆ ನಮ್ಮ ಭಾಷೆಯ ಪ್ರತ್ಯಯ.

ಮನೆಯಲ್ಲಿ ಈ ಮಾತ್ರೆಯುಳ್ಳ ಬಂಧುಗಳು ಗಮನಿಸತಕ್ಕ ಕೆಲವು ಸಂಗತಿಗಳನ್ನು ಹೇಳುವುದು ನಮ್ಮ ಕರ್ತವ್ಯ.

ಮೊದಲನೆಯದು, ವಾರವನ್ನು ಪೂರ್ಣ ಅಕ್ಷರದಲ್ಲಿ ಬರೆಯಿರಿ. "ಸೋಮವಾರ ಮಾತ್ರ, ಉಳಿದ ಆರು ದಿನ ಬೇಡ" ಎಂದು ಬರೆಯಿರಿ. ಬರೆದುದನ್ನು ಮಾತ್ರೆ ಕೊಡುವವರಿಂದ ಓದಿಸಿ, ಅವರ ಬಾಯಿಂದಲೇ ಲೆಕ್ಕ ಹೇಳಿಸಿ. ಹತ್ತು ಮಾತ್ರೆ ಎಷ್ಟು ದಿನ ಬರಬೇಕೆಂದು ಕೇಳಿ. ಆ ಒಂದು ಪ್ರಶ್ನೆ ಕೇಳಿದ್ದರೆ ನಮ್ಮ ತಪ್ಪು ಅಂದೇ ಹೊರಬೀಳುತ್ತಿತ್ತು.

ಎರಡನೆಯದು, ದಿನವೂ ನುಂಗುವ ಮಾತ್ರೆಗಳೊಂದಿಗೆ ಇದನ್ನು ಇಡಬೇಡಿ. ಟಾಟಾ ಆಸ್ಪತ್ರೆಯ ಪದ್ಧತಿಯಲ್ಲಿ ದಿನದ ಮಾತ್ರೆಯೂ ವಾರದ ಮಾತ್ರೆಯೂ ಜೊತೆಗಿವೆ. ಮಕ್ಕಳ ರಕ್ತ ಕ್ಯಾನ್ಸರಿನ ಮುಂದುವರಿದ ಚಿಕಿತ್ಸೆಯಲ್ಲಿಯೂ ಒಂದು ಮಾತ್ರೆ ದಿನಕ್ಕೆ, ಇದು ವಾರಕ್ಕೆ. ಸಂಧಿವಾತದವರಿಗೆ ಇದರೊಡನೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬೇರೆ ದಿನಕ್ಕೆ ಬರೆದುಕೊಡುತ್ತಾರೆ. ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆಗಳಾಗಿರುವುದುಂಟು. ಅದಲುಬದಲಾದರೆ ಅನಾಹುತ. ಒಂದು ವಾರ ಮರೆತುಹೋದರೆ ಮುಂದಿನ ವಾರ ಎರಡರಷ್ಟು ನುಂಗಬೇಡಿ, ವೈದ್ಯರನ್ನು ಕೇಳಿ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಮಿಲಿಗ್ರಾಂ ನೋಡಿ, ಏಕೆಂದರೆ 2.5 ಮತ್ತು 10 ಮಿಲಿಗ್ರಾಮಿನವು ಎರಡೂ ಉಂಟು.

ಮೂರನೆಯದು, ಬಾಯಿಹುಣ್ಣು, ಜ್ವರ, ಗಂಟಲುನೋವು, ಭೇದಿ, ಒಸಡಿನಲ್ಲಿ ರಕ್ತ, ಒಣಕೆಮ್ಮು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆಯನ್ನು ತಡೆದು ಅಂದೇ ವೈದ್ಯರಲ್ಲಿಗೆ ಹೋಗಿ. ತಪ್ಪಿ ಹೆಚ್ಚು ನುಂಗಿದ್ದರೆ ಲಕ್ಷಣಕ್ಕಾಗಿ ಕಾಯದೆ ಶೀಟಿನೊಂದಿಗೆ ಆಸ್ಪತ್ರೆಗೆ ಧಾವಿಸಿ. ಪ್ರತಿಮದ್ದು ಬೇಗ ಸಿಕ್ಕಷ್ಟೂ ಗುಣ ಹೆಚ್ಚು. ಮನೆಯಲ್ಲಿರುವ ಫೋಲಿಕ್ ಆಮ್ಲದ ಮಾತ್ರೆ ಆ ಪ್ರತಿಮದ್ದಿನ ಕೆಲಸ ಮಾಡುವುದಿಲ್ಲ.

ನಾಲ್ಕನೆಯದು, ವೈದ್ಯರಿಗೆ ತಿಳಿಸದೆ ಬೇರೆ ಔಷಧ ಸೇರಿಸಬೇಡಿ. ಸೆಪ್ಟ್ರಾನ್ ಎಂಬ ಹೆಸರಿನಲ್ಲಿ ಹಳ್ಳಿಗಳವರೆಗೂ ಪರಿಚಿತವಾದ ಕೋಟ್ರೈಮಾಕ್ಸಜೋಲ್ ಮಾತ್ರೆ ಇದರೊಡನೆ ಸೇರಿದರೆ ರಕ್ತಕಣಗಳು ಅಪಾಯಕರವಾಗಿ ಕುಸಿಯಬಹುದು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯೂ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಮದ್ಯವಂತೂ ಯಕೃತ್ತಿಗೆ ಕೇಡು. ರಕ್ತ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಹೇಳಿದ ದಿನಕ್ಕೆ ತಪ್ಪದೆ ಮಾಡಿಸಿ. ಬಸುರಿಯರು ಈ ಮಾತ್ರೆಯನ್ನು ಸೇವಿಸಬಾರದು, ಅದರ ಪುಡಿಯ ಸಂಪರ್ಕಕ್ಕೂ ಬರಬಾರದು. ಮಗು ಬೇಕೆಂದಿರುವ ದಂಪತಿಗಳಲ್ಲಿ ಯಾರಾದರೂ ಸೇವಿಸುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳತಕ್ಕದ್ದು. ನುಂಗಲಾಗದವರಿಗೆ ಮನೆಯಲ್ಲಿ ಪುಡಿಮಾಡದೆ ಬೇರೆ ದಾರಿಯನ್ನು ವೈದ್ಯರಲ್ಲಿಯೇ ಕೇಳಬೇಕು.

ಇಷ್ಟೆಲ್ಲ ಓದಿ ಹೆದರಿ ಮಾತ್ರೆಯನ್ನೇ ಬಿಡುವುದು ಇನ್ನೊಂದು ತಪ್ಪು. ನಮ್ಮ ತಂಗಿಯನ್ನೇ ನೋಡಿ. ಎಂಟು ವರ್ಷದ ಹಿಂದೆ ಬೆಳಿಗ್ಗೆ ಎದ್ದರೆ ಚೊಂಬು ಹಿಡಿಯಲಾಗುತ್ತಿರಲಿಲ್ಲ. ವಾರಕ್ಕೆ 15 ಮಿಲಿಗ್ರಾಂ ಸೇವಿಸುತ್ತ, ಗೊತ್ತಾದ ಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸುತ್ತ, ಇಂದು ರೊಟ್ಟಿ ತಟ್ಟುತ್ತಾಳೆ, ಹಸು ಕರೆಯುತ್ತಾಳೆ. ದಿನ ಮರೆಯದಿರಲು ಸಂತೆಯನ್ನೇ ಗುರುತು ಮಾಡಿಕೊಂಡಳು. ಸಂತೆ ಚೀಲ ಇಳಿಸಿ, ಉಂಡು, ಮಾತ್ರೆ. ವಾರಕ್ಕೆ ಸಂತೆ ಒಂದೇ ಆದುದರಿಂದ ಮಾತ್ರೆಯೂ ಒಂದೇ ಸಲ. ನಮ್ಮ ವಿದ್ಯೆಗೆ ಹೊಳೆಯದ ಉಪಾಯ ಆಕೆಯ ಬದುಕಿಗೆ ಹೊಳೆದಿತ್ತು.

ಅಣ್ಣನವರ ರಕ್ತಕಣಗಳು ಮೇಲೆದ್ದವು. ಹುಣ್ಣು ಮಾಯಿತು. ನಾಲ್ಕು ವಾರ ಕಳೆದು, ಪರೀಕ್ಷೆಗಳನ್ನು ನೋಡಿ, ವೈದ್ಯರು ಅದೇ ಮಾತ್ರೆಯನ್ನು ಕಡಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು. ಮನೆಯವರಿಗೆಲ್ಲ ಭಯ. ಅಣ್ಣನವರೇ ಧೈರ್ಯ ಹೇಳಿದರು. ಆಸ್ಪತ್ರೆಯಿಂದ ಹೊರಟ ದಿನ ನಾವು ಅವರ ಕೈಹಿಡಿದು, "ನಮ್ಮ ಚೀಟಿಯಿಂದ ಹೀಗಾಯಿತು ಅಣ್ಣ" ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತಿಗೆ ಕೊಟ್ಟ ಸೋಮವಾರವನ್ನು ನನಗೂ ಕೊಡಬೇಕಿತ್ತು, ಮರೆತೆವು. ಇನ್ನು ಮರೆಯುವುದು ಬೇಡ" ಎಂದರು. ಅಲ್ಲಿಂದ ಮುಂದೆ ಮನೆಯ ಪಂಚಾಂಗದಲ್ಲಿ ಸೋಮವಾರಗಳಿಗೆ ಮಾತ್ರ ಕೆಂಪು ಗುರುತು. ಮಾತ್ರೆಯ ಶೀಟು ಮಗನ ಬೀರುವಿನಲ್ಲಿ. ಎತ್ತಿಗೆ ಬಿಡುವಿನ ದಿನ ಅಣ್ಣನಿಗೆ ಮಾತ್ರೆಯ ದಿನ, ಎತ್ತು ದುಡಿಯುವ ಆರು ದಿನ ಅಣ್ಣನ ಮೈಗೆ ಬಿಡುವು.

ಕುತ್ತಿಗೆಯ ಗಂಟು ಕುಗ್ಗಿ ನೋವು ಇಳಿಯಿತು. ಆ ವರ್ಷದ ದೀಪಾವಳಿಗೆ ನಾಲ್ಕು ತಾಲ್ಲೂಕಿನ ಬಂಧುಗಳೂ ಊರಿನ ಮನೆಯಲ್ಲಿ ಸೇರಿದೆವು. ಅಣ್ಣನವರು ಜಗಲಿಯ ಮೇಲೆ ಕುಳಿತು, ಮಗ ಹೊಗೆಸೊಪ್ಪಿನ ಹೊಲದ ಒಂದು ಭಾಗಕ್ಕೆ ಶುಂಠಿ ಹಾಕುವ ಲೆಕ್ಕ ಹೇಳುವುದನ್ನು ಕೇಳುತ್ತಿದ್ದರು. 2023ರ ಬೇಸಗೆಯಲ್ಲಿ ರೋಗ ಮತ್ತೆ ತಲೆಯೆತ್ತಿತು. ಏಪ್ರಿಲಿನಲ್ಲಿ, ಮನೆಯಲ್ಲಿ, ಎಲ್ಲರೂ ಸುತ್ತ ಇರುವಾಗ ಅವರು ಲಿಂಗೈಕ್ಯರಾದರು. ಮಾತ್ರೆ ಅವರನ್ನು ಉಳಿಸಲಿಲ್ಲ, ಉಳಿಸುತ್ತದೆಂದು ಯಾರೂ ಹೇಳಿರಲೂ ಇಲ್ಲ. ಅದು ಕೊಟ್ಟದ್ದು ಒಂದು ದೀಪಾವಳಿ, ಒಂದು ಸಂಕ್ರಾಂತಿ, ಒಂದು ಶಿವರಾತ್ರಿ. ನಮ್ಮ ಚೀಟಿಯ ಐದು ದಿನಗಳು ಇವೆಲ್ಲವನ್ನೂ ಕಸಿದುಬಿಡುತ್ತಿದ್ದವು. ತಂಗಿಯ ಒಂದು ಪ್ರಶ್ನೆ ಅವನ್ನು ಉಳಿಸಿಕೊಟ್ಟಿತು.

ಆ ಚೀಟಿಯನ್ನು ನಾವು ಹರಿದು ಹಾಕಲಿಲ್ಲ. ಮೇಜಿನ ಖಾನೆಯಲ್ಲಿದೆ. ಯಾರಾದರೂ ಬಂಧುಗಳು ಔಷಧದ ಚೀಟಿ ತಂದು ಓದಿ ಹೇಳಿರೆಂದಾಗ ಮೊದಲು ಅದನ್ನೊಮ್ಮೆ ನೋಡಿಕೊಳ್ಳುತ್ತೇವೆ. ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಔಷಧದ ಡಬ್ಬಿಯನ್ನು ತೆರೆದು, ಅದರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಹೆಸರಿದೆಯೇ ನೋಡಿ. ಇದ್ದರೆ, ಇದನ್ನು ಯಾವ ವಾರ ನುಂಗುತ್ತೀರಿ ಎಂದು ಕೇಳಿ. ಉತ್ತರವಾಗಿ ಒಂದೇ ವಾರದ ಹೆಸರು ಬರಬೇಕು.